ಮೈಸೂರು ಮಹಾರಾಜರು ಮೆಚ್ಚಿದ ಮೆಟ್ನರ್: ಯಾವುದನ್ನು ಮೊದಲು ಕೇಳೋದು, ಯಾವ ಪುಸ್ತಕಕ್ಕೆ ದುಡ್ಡು ಹಾಕೋದು

ಜಯಚಾಮರಾಜೇಂದ್ರ ಒಡೆಯರ್ ಅವರು ಲಂಡನ್ನಿನಲ್ಲಿದ್ದ ಮೆಟ್ನರ್ ಅನ್ನೋ ಒಬ್ಬ ರಷ್ಯನ್ ಸಂಗೀತಗಾರರ ರೆಕಾರ್ಡಿಂಗ್‌ಗಳಿಗೆ ದುಡ್ಡು ಕೊಟ್ಟಿದ್ದರು ಅನ್ನೋ ಸುದ್ದಿ ಆಗಾಗ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಸುದ್ದಿ ನಿಜ. ಓದಿದವರು ಖುಷಿಯಾಗಿ ಹೆಸರು ಹುಡುಕುತ್ತಾರೆ. ಮಹಾರಾಜರಿಗೇ ಅರ್ಪಿಸಿದ ಮೂರನೇ ಪಿಯಾನೊ ಕಾನ್ಸರ್ಟೊ (ಆರ್ಕೆಸ್ಟ್ರಾ ಜೊತೆ ಪಿಯಾನೊ ನುಡಿಸೋ ದೊಡ್ಡ ಕೃತಿ) ಸಿಗುತ್ತದೆ, ಅದೂ 1940ರ ದಶಕದಲ್ಲಿ ಸ್ವತಃ ಮೆಟ್ನರ್ ಅವರೇ ನುಡಿಸಿದ್ದು. ಒತ್ತಿದರೆ ಒಗ್ಗರಣೆ ಸಿಡಿದ ಹಾಗೆ ಚಟಪಟ ಸದ್ದು, ಅದರ ಹಿಂದೆ ಎಲ್ಲೋ ಒಂದು ಪಿಯಾನೊ, ಇನ್ನೂ ಹಿಂದೆ ಒಂದು ಆರ್ಕೆಸ್ಟ್ರಾ. ಐದು ನಿಮಿಷಕ್ಕೆ ಮುಚ್ಚಿ ಎದ್ದು ಹೋಗ್ತಾರೆ. ನಾನೂ ಹಾಗೇ ಮಾಡಿದ್ದೆ. ಆಮೇಲೆ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ತಪ್ಪು ರೆಕಾರ್ಡಿಂಗಿನದಲ್ಲ, ಸರದಿಯದು. ಮಹಾರಾಜರ ರೆಕಾರ್ಡುಗಳನ್ನು ಎರಡನೇ ಸಲಕ್ಕೆ ಕೇಳಬೇಕು. ಮೊದಲ ಸಲಕ್ಕೆ ಬೇರೆಯದೇ ದಾರಿ ಇದೆ.

ಇವರು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, 1921ರಲ್ಲಿ ರಷ್ಯಾ ಬಿಟ್ಟು, ಬರ್ಲಿನ್, ಪ್ಯಾರಿಸ್ ಸುತ್ತಿ, ಕೊನೆಗೆ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ನೆಲೆಸಿ, 1951ರಲ್ಲಿ ತೀರಿಕೊಂಡರು. ಕಾಲದ ಲೆಕ್ಕದಲ್ಲಿ 20ನೇ ಶತಮಾನದವರು, ಆದರೆ ಮನಸ್ಸು ಪೂರ್ತಿ 19ನೇ ಶತಮಾನದ ರೊಮ್ಯಾಂಟಿಕ್ ಕಾಲದ್ದು. ಸುತ್ತಲೂ ಎಲ್ಲರೂ ಹೊಸ ಹೊಸ ಪ್ರಯೋಗ ಮಾಡುತ್ತಿದ್ದಾಗ ಇವರು ಬೀಥೊವನ್, ಶೂಮನ್, ಬ್ರಾಮ್ಸ್ ಹಾಕಿಕೊಟ್ಟ ದಾರಿ ಬಿಟ್ಟು ಕದಲಲಿಲ್ಲ. ಹಟಮಾರಿ. ಹೆಸರಾಂತ ರಷ್ಯನ್ ಸಂಗೀತಗಾರ ರಾಖ್ಮನಿನೊಫ್ ಇವರ ಆಪ್ತ ಸ್ನೇಹಿತ. ಅವರು ತಮ್ಮ ನಾಲ್ಕನೇ ಕಾನ್ಸರ್ಟೊವನ್ನು ಇವರಿಗೆ ಅರ್ಪಿಸಿದರೆ, ಇವರು ತಮ್ಮ ಎರಡನೆಯದನ್ನು ಅವರಿಗೆ ಅರ್ಪಿಸಿದರು. ಬರೆದದ್ದೆಲ್ಲ ಪಿಯಾನೊ ಸುತ್ತಲೇ: 14 ಸೊನಾಟಾ (ಇವು ಪಿಯಾನೊ ಒಂದಕ್ಕೇ ಬರೆದ ದೊಡ್ಡ ಕೃತಿಗಳು), 3 ಕಾನ್ಸರ್ಟೊ, ನೂರಕ್ಕೂ ಹೆಚ್ಚು ಹಾಡು, ಮೂರು ವಯೊಲಿನ್ ಸೊನಾಟಾ, ಐದು ವಾದ್ಯಗಳ ಒಂದು ಕ್ವಿಂಟೆಟ್, ಮತ್ತೆ ಸ್ಕಾಸ್ಕಿ ಅಂತ ಕರೆಯೋ ಸಣ್ಣ ಸಣ್ಣ ಪಿಯಾನೊ ಕಥೆಗಳು. ಸಿಂಫನಿ ಇಲ್ಲ, ಒಪೆರಾ ಇಲ್ಲ. ಹೊಸಬರಿಗೆ ಇದು ಒಳ್ಳೇದೇ, ಎಲ್ಲಿಂದ ಶುರು ಮಾಡೋದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹುಡುಕೋದಕ್ಕೆ ಮುಂಚೆ ಹೆಸರಿನ ವಿಷಯ. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ‘ಡಿ’ ಬರುತ್ತದೆ, ಅದರ ಪಕ್ಕದಲ್ಲೇ ‘ಟಿ’: Medtner. ರಷ್ಯನ್‌ನಲ್ಲಿ ಆ ‘ಡಿ’ ಇಲ್ಲವೇ ಇಲ್ಲ, ಹಾಗಾಗಿ ರಷ್ಯಾದ ಹಳೇ ರೆಕಾರ್ಡುಗಳಲ್ಲಿ ‘ಡಿ’ ಇಲ್ಲದೆಯೂ ಹೆಸರು ಇರಬಹುದು. ಮೊದಲ ಹೆಸರು ಕೆಲವೆಡೆ ನಿಕೊಲಸ್, ಕೆಲವೆಡೆ ನಿಕೊಲಾಯ್. ಸ್ಕಾಸ್ಕಿ ಅನ್ನೋದು ಇನ್ನೂ ಗೊಂದಲ. ಒಂದು ಕಂಪನಿ ಅದನ್ನ ಫೇರಿ ಟೇಲ್ಸ್ ಅನ್ನುತ್ತೆ, ಇನ್ನೊಂದು ಬರೀ ಟೇಲ್ಸ್, ಜರ್ಮನಿಯವರು ಮೆಯರ್ಖನ್. ಎಲ್ಲ ಒಂದೇ. ಆದ್ದರಿಂದ ಹೆಸರು ನಂಬಬೇಡಿ, ಓಪಸ್ ನಂಬರ್, ಅಂದರೆ ಕೃತಿಗೆ ಕೊಟ್ಟ ಕ್ರಮಸಂಖ್ಯೆ, ಅದನ್ನ ನಂಬಿ. ‘ಓಪಸ್ 26, ನಂಬರ್ 3’ ಅಂತ ಹಾಕಿದರೆ ಯಾವ ಭಾಷೆಯವರು ಏನೇ ಹೆಸರಿಟ್ಟಿದ್ದರೂ ಅದೇ ತುಣುಕು ಸಿಗುತ್ತದೆ.

ಆ ನಂಬರನ್ನು ಸುಮ್ನೆ ಹೇಳಿದ್ದಲ್ಲ. ಅಲ್ಲಿಂದಲೇ ಶುರು ಮಾಡಿ.

ಓಪಸ್ 26, ನಂಬರ್ 3, ಎಫ್ ಮೈನರ್. ಕೆಲವೇ ನಿಮಿಷದ್ದು. ಮೇಲ್ಗಡೆ ಮೆಟ್ನರ್ ಇಟಾಲಿಯನ್‌ನಲ್ಲಿ ‘ನರ್ರಾಂತೆ’ ಅಂತ ಬರೆದಿದ್ದಾರೆ, ಅಂದರೆ ಕಥೆ ಹೇಳುವ ಹಾಗೆ. ರಾತ್ರಿ ಕರೆಂಟು ಹೋದಾಗ ಮನೆಯ ಹಿರಿಯರು ಯಾರೋ ಮೆಲ್ಲಗೆ ‘ಒಂದಾನೊಂದು ಕಾಲದಲ್ಲಿ’ ಅಂತ ಶುರು ಮಾಡಿದ ಹಾಗೆ ಇದೆ ಅದು. ಈಗ ಇದನ್ನ ಇಬ್ಬರು ಬೇರೆ ಬೇರೆ ವಾದಕರು ನುಡಿಸಿದ್ದು ಹುಡುಕಿ. ಒಬ್ಬರು ಹೇಮಿಶ್ ಮಿಲ್ನ್ ಆಗಿರಲಿ. ಈ ಇಂಗ್ಲಿಷ್ ವಾದಕ ಜೀವಮಾನವೆಲ್ಲ ಮೆಟ್ನರ್ ನುಡಿಸಿದವರು, ಹೈಪೀರಿಯನ್ ಅನ್ನೋ ರೆಕಾರ್ಡ್ ಕಂಪನಿಗೆ ಎಲ್ಲ ಸ್ಕಾಸ್ಕಿಗಳನ್ನೂ ಎರಡು ಸಿಡಿಗಳಲ್ಲಿ ರೆಕಾರ್ಡ್ ಮಾಡಿದ್ದಾರೆ. ಇನ್ನೊಬ್ಬರು ಯಾರಾದರೂ ಆಗಬಹುದು.

ಒಂದೇ ಕೃತಿಯನ್ನು ಇಬ್ಬರು ಹಾಡೋದನ್ನ ಪಕ್ಕಪಕ್ಕ ಇಟ್ಟು ಕೇಳೋದು ನಮಗೇನೂ ಹೊಸದಲ್ಲ, ಅಲ್ವಾ? ಕಛೇರಿ ಕೇಳಿ ಬೆಳೆದವರು ಅದನ್ನೇ ಮಾಡ್ತಾ ಬಂದಿದ್ದಾರೆ. ವ್ಯತ್ಯಾಸ ಏನಂದರೆ ಇಲ್ಲಿ ಸಂಗತಿ ಸೇರಿಸೋ ಹಾಗಿಲ್ಲ, ಸ್ವರ ಹಾಕೋ ಹಾಗಿಲ್ಲ, ಪ್ರತಿಯೊಂದು ಸ್ವರವನ್ನೂ ಮೆಟ್ನರ್ ಬರೆದಿಟ್ಟಿದ್ದಾರೆ. ಹಾಗಾದರೆ ವಾದಕರ ಪಾಲಿಗೆ ಉಳಿದದ್ದೇನು? ವೇಗ, ಒತ್ತು, ಎಲ್ಲಿ ಒಂದು ಕ್ಷಣ ತಡೆಯೋದು, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಎರಡು ಕೈಗಳಲ್ಲಿ ಮೂರು ನಾಲ್ಕು ಎಳೆ ಒಟ್ಟಿಗೆ ಓಡುತ್ತಿರುವಾಗ ಯಾವ ಎಳೆಯನ್ನು ಮೇಲೆತ್ತಿ ತೋರಿಸೋದು ಅನ್ನೋದು. ಮೆಟ್ನರ್ ವಿಷಯದಲ್ಲಿ ಈ ಕೊನೆಯದೇ ಎಲ್ಲ. ಕೆಟ್ಟದಾಗಿ ನುಡಿಸಿದರೆ ಬರೀ ದಟ್ಟ ಕಾಡು, ಒಳ್ಳೆ ಕೈಯಲ್ಲಿ ಅದೇ ಕಾಡಿನ ನಡುವೆ ಒಂದು ಕಾಲುದಾರಿ ಕಾಣುತ್ತದೆ. ಎರಡು ಸಲ ಕೇಳಿ, ಮಧ್ಯದಲ್ಲಿ ಎಡಗೈ ಏನು ಮಾಡುತ್ತಿದೆ ಅಂತ ಕಿವಿ ಕೊಡಿ. ಎಡಗೈ ಬರೀ ತಾಳ ಹಿಡಿಯೋ ಕೆಲಸ ಮಾಡ್ತಾ ಇದೆ ಅನ್ನಿಸಿದರೆ ಆ ರೆಕಾರ್ಡಿಂಗ್ ಬಿಟ್ಟುಬಿಡಿ.

ಅದು ಹಿಡಿಸಿತು ಅಂದರೆ ಓಪಸ್ 20ರ ಎರಡು ತುಣುಕುಗಳಿಗೆ ಹೋಗಿ. ಮೊದಲನೆಯದು ಬಿಸಿರಕ್ತದ್ದು. ಎರಡನೆಯದರ ಹೆಸರು ಕಂಪನೆಲ್ಲಾ, ಗಂಟೆ ಅಂತ ಅರ್ಥ. ಇಂಪಾದ ಗುಡಿ ಗಂಟೆ ಅಂದುಕೊಂಡು ಹೋಗಬೇಡಿ, ಎದೆ ನಡುಗಿಸೋ ಗಂಟೆ ಅದು. ಆಮೇಲೆ ಓಪಸ್ 51. ಈ ಇಡೀ ಗುಚ್ಛವನ್ನು ಅವರು ಸಿಂಡ್ರೆಲಾಗೆ ಮತ್ತು ರಷ್ಯಾದ ಜನಪದ ಕಥೆಗಳ ಪೆದ್ದ ಇವಾನನಿಗೆ ಅರ್ಪಿಸಿದ್ದಾರೆ. ಇದರಲ್ಲಿ ಮೂರನೆಯದನ್ನು ಪ್ರಸಿದ್ಧ ಪಿಯಾನೊ ವಾದಕ ಹೊರೊವಿಟ್ಜ್ ನುಡಿಸಿದ್ದೂ ಸಿಗುತ್ತದೆ, ಹಗುರವಾಗಿ, ಹಾರುತ್ತಾ ಹೋಗುತ್ತದೆ.

ಇಲ್ಲಿಗೆ ಒಂದೆರಡು ವಾರ ಕೊಡಿ. ಮೊದಲ ಸಲಕ್ಕೇ ಮೋಡಿ ಮಾಡೋ ಸಂಗೀತ ಇದಲ್ಲ. ರಾಖ್ಮನಿನೊಫ್ ಥರ ಎದೆ ತುಂಬಿ ಬರೋ ರಾಗವನ್ನು ಮೊದಲ ನಿಮಿಷದಲ್ಲೇ ಕೈಗಿಡೋದಿಲ್ಲ. ಒಂದು ಪುಟ್ಟ ಬೀಜ ತಗೊಂಡು ಅದನ್ನೇ ತಿರುಗಿಸಿ, ಮುರುಗಿಸಿ, ತಲೆಕೆಳಗು ಮಾಡಿ ಬೆಳೆಸೋದು ಇವರ ರೀತಿ. ನಾಲ್ಕನೇ ಸಲ ಕೇಳುವಾಗ ‘ಅರೆ, ಇದು ಮೊದಲು ಬಂದಿದ್ದೇ ಅಲ್ವಾ’ ಅನ್ನಿಸುತ್ತದೆ. ಆ ‘ಅರೆ’ ಬಂದ ಮೇಲೆ ಸೊನಾಟಾಗಳಿಗೆ ಹೋಗಬಹುದು.

ಸೊನಾಟಾಗಳಲ್ಲಿ ಮೊದಲಿಗೆ ‘ರೆಮಿನಿಸೆಂಜಾ’, ಓಪಸ್ 38ರ ನಂಬರ್ 1. ರಷ್ಯಾ ಬಿಡೋ ಆಸುಪಾಸಿನಲ್ಲಿ, ಕ್ರಾಂತಿಯ ನಂತರದ ಕಷ್ಟದ ದಿನಗಳಲ್ಲಿ ರೂಪುಗೊಂಡ ‘ಮರೆತ ರಾಗಗಳು’ ಅನ್ನೋ ಸರಣಿಯ ಮೊದಲ ತುಣುಕು. ಒಂದೇ ಭಾಗ, ಸುಮಾರು ಕಾಲು ಗಂಟೆ. ಶುರುವಾಗೋದೇ ಒಂದು ಸದ್ದಿಲ್ಲದ, ಸುತ್ತಿ ಸುತ್ತಿ ಬರೋ ಸಾಲಿನಿಂದ. ಕಿಟಕಿ ಹತ್ತಿರ ಕೂತು ಏನೋ ನೆನೆಸಿಕೊಳ್ಳುವಾಗ ಬೆರಳು ತಾನಾಗೇ ಮೇಜಿನ ಮೇಲೆ ಆಡುತ್ತಲ್ಲ, ಹಾಗೆ. ಈ ಸಾಲನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮಧ್ಯದಲ್ಲಿ ಅದು ವಾಪಸ್ ಬರುತ್ತದೆ, ಕೊನೆಯಲ್ಲಿ ಮತ್ತೆ ಬರುತ್ತದೆ, ಆದರೆ ನಡುವೆ ನಡೆದದ್ದೆಲ್ಲ ಕೇಳಿದ ಮೇಲೆ ಅದೇ ಸ್ವರಗಳು ಬೇರೆ ಥರ ಕೇಳಿಸುತ್ತವೆ. ಎಮಿಲ್ ಗಿಲೆಲ್ಸ್ ಇದನ್ನ 1960ರ ದಶಕದ ಕಛೇರಿಗಳಲ್ಲಿ ನುಡಿಸುತ್ತಿದ್ದರು, ಅವು ರೆಕಾರ್ಡ್ ಆಗಿವೆ. ನನಗೆ ಕೇಳಿದರೆ ಇಡೀ ಮೆಟ್ನರ್ ಲೋಕದಲ್ಲಿ ಒಂದೇ ಒಂದು ರೆಕಾರ್ಡಿಂಗ್ ಉಳಿಸಿಕೋ ಅಂದರೆ ಗಿಲೆಲ್ಸ್ ಅವರದ್ದೇ. ಧಾವಂತ ಇಲ್ಲ, ತೋರಿಕೆ ಇಲ್ಲ, ಕೊನೆಯ ಸಾಲು ಬಂದಾಗ ಉಸಿರು ಹಿಡಿದು ಕೂರಬೇಕಾಗುತ್ತದೆ.

ಪಕ್ಕದಲ್ಲೇ ಮಾರ್ಕ್-ಆಂದ್ರೆ ಅಮ್ಲಾಂ ನುಡಿಸಿದ್ದನ್ನು ಇಡಿ. ಅವರ ಕೈಯಲ್ಲಿ ಎಲ್ಲವೂ ಗಾಜಿನಷ್ಟು ಸ್ಪಷ್ಟ, ಗಿಲೆಲ್ಸ್ ಅವರ ಆರ್ದ್ರತೆ ಸ್ವಲ್ಪ ಕಡಿಮೆ. ಆದರೆ ಕೊಳ್ಳೋದಕ್ಕೆ ಅಂತ ಬಂದರೆ ಅಮ್ಲಾಂ ಅವರದ್ದನ್ನೇ ಕೊಳ್ಳಿ ಅಂತೀನಿ. ಯಾಕೆಂದರೆ 1998ರಲ್ಲಿ ಹೈಪೀರಿಯನ್ ಹೊರತಂದ ಅವರ ನಾಲ್ಕು ಸಿಡಿಗಳ ಸೆಟ್‌ನಲ್ಲಿ ಹದಿನಾಲ್ಕು ಸೊನಾಟಾಗಳೂ ಇವೆ, ಜೊತೆಗೆ ‘ಮರೆತ ರಾಗಗಳು’ ಸರಣಿಯ ಮೊದಲೆರಡು ಗುಚ್ಛ ಪೂರ್ತಿಯಾಗಿ ಇವೆ. ಪೂರ್ತಿ ಇರೋದು ಯಾಕೆ ಮುಖ್ಯ ಅಂದರೆ, ರೆಮಿನಿಸೆಂಜಾದ ಆ ಮೊದಲ ಸಾಲು ಸೊನಾಟಾ ಮುಗಿದ ಮೇಲೂ ಸುಮ್ಮನಾಗೋದಿಲ್ಲ, ಮೊದಲ ಗುಚ್ಛದ ಎಂಟನೇ ಅಂದರೆ ಕೊನೆಯ ತುಣುಕಿನಲ್ಲಿ ಮತ್ತೆ ತಲೆ ಎತ್ತುತ್ತದೆ. ಬಿಡಿ ಬಿಡಿಯಾಗಿ ಕೇಳಿದವರಿಗೆ ಇದು ಗೊತ್ತೇ ಆಗೋದಿಲ್ಲ. ಅದೇ ರೀತಿ ‘ಟ್ರಾಜಿಕಾ’ ಸೊನಾಟಾದ ಮುಂಚೆ ಬರೋ ‘ಕಂಜೋನಾ ಮತಿನಾತಾ’ ಅನ್ನೋ ತುಣುಕನ್ನು ಅದರ ಜೊತೆಗೇ ನುಡಿಸಬೇಕು ಅನ್ನೋದು ಮೆಟ್ನರ್ ಇಚ್ಛೆ. ಎಷ್ಟೋ ಜನ ಅದನ್ನ ಬಿಟ್ಟು ನುಡಿಸ್ತಾರೆ. ಸಿಡಿ ಹಿಂಬದಿಯ ಪಟ್ಟಿಯಲ್ಲಿ ಎರಡೂ ಇದೆಯಾ ನೋಡಿಕೊಳ್ಳಿ.

ಸ್ಟ್ರೀಮಿಂಗ್‌ನಲ್ಲಿ ಹುಡುಕಿ ಸುಸ್ತಾಗಿ ಬಿಟ್ಟವರಿಗೆ ಒಂದು ಮಾತು. ಹೈಪೀರಿಯನ್‌ನವರು ಬಹಳ ವರ್ಷ ತಮ್ಮ ಆಲ್ಬಂಗಳನ್ನು ಸ್ಟ್ರೀಮಿಂಗ್‌ಗೆ ಬಿಟ್ಟಿರಲಿಲ್ಲ. 2023ರಲ್ಲಿ ಯೂನಿವರ್ಸಲ್ ಕಂಪನಿ ಅದನ್ನು ಕೊಂಡ ಮೇಲೆ ಕಂತು ಕಂತಾಗಿ ಬಂದವು. ಅದಕ್ಕಿಂತ ಮುಂಚೆ ಹುಡುಕಿ ಸಿಗದೆ ಬಿಟ್ಟಿದ್ದರೆ ಮತ್ತೊಮ್ಮೆ ಹುಡುಕಿ.

‘ರಾತ್ರಿ ಗಾಳಿ’ ಸೊನಾಟಾಗೆ, ಅಂದರೆ ಓಪಸ್ 25ರ ನಂಬರ್ 2ಕ್ಕೆ, ಅವಸರ ಮಾಡಬೇಡಿ. ರಷ್ಯನ್ ಕವಿ ತ್ಯೂಚೆವ್ ಅವರ ಕವಿತೆಯೊಂದನ್ನು ತಲೆಬರಹವಾಗಿ ಇಟ್ಟುಕೊಂಡು, ರಾಖ್ಮನಿನೊಫ್‌ಗೆ ಅರ್ಪಿಸಿ ಬರೆದ, ಅರ್ಧ ಗಂಟೆಗೂ ಜಾಸ್ತಿ ಎಲ್ಲೂ ನಿಲ್ಲದ ಬಿರುಗಾಳಿ ಅದು. ಎಲ್ಲರೂ ಇದನ್ನೇ ಅವರ ಅತಿ ದೊಡ್ಡ ಕೃತಿ ಅಂತಾರೆ, ಇರಬಹುದು. ಆದರೆ ಇದರಿಂದ ಶುರು ಮಾಡಿದವರು ಇದರಲ್ಲೇ ಮುಗಿಸಿಬಿಡ್ತಾರೆ.

ಈಗ ಮಹಾರಾಜರ ಸರದಿ. ಪಾಶ್ಚಾತ್ಯ ಸಂಗೀತದಲ್ಲಿ ಒಡೆಯರ್ ಅವರಿಗಿದ್ದ ಆಸಕ್ತಿ ಅರಮನೆಯ ಶೋಕಿ ಅಲ್ಲ. ಅವರು ಲಂಡನ್ನಿನ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. 1950ರ ಮೇ ತಿಂಗಳಲ್ಲಿ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ಆದಾಗ ಹಿಂದೆ ಇದ್ದದ್ದೂ ಇವರದೇ ಹಣ. ಇತ್ತ ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸುತ್ತಿದ್ದರು. ಮೆಟ್ನರ್ ಸೊಸೈಟಿ ಅಂತ ಕಟ್ಟಿ, ಎಚ್‌ಎಂವಿ ಮೂಲಕ ಮೆಟ್ನರ್ ಕೃತಿಗಳನ್ನು ಮೆಟ್ನರ್ ಕೈಯಿಂದಲೇ ನುಡಿಸಿ ಮೂರು ಸಂಪುಟ ತರಿಸಿದರು. ಮೆಟ್ನರ್‌ಗೆ ಆಗ ಅರವತ್ತೇಳು ದಾಟಿತ್ತು, ಹೃದಯದ ತೊಂದರೆ ಇತ್ತು, ಹೊರಗೆ ಹೆಚ್ಚು ಜನಕ್ಕೆ ಹೆಸರೂ ಗೊತ್ತಿರಲಿಲ್ಲ. ಮೂರು ಕಾನ್ಸರ್ಟೊಗಳು, ಸ್ಕಾಸ್ಕಿಗಳು, ಹಾಡುಗಳು ಹೀಗೆ ಉಳಿದವು.

ಇವೆಲ್ಲ 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟುಗಳು. ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಹಿಡಿದರೆ ಹೆಚ್ಚು, ಅಂದರೆ ಒಂದು ಕಾನ್ಸರ್ಟೊಗೆ ಎಷ್ಟು ಪ್ಲೇಟು ಬದಲಿಸಬೇಕಿತ್ತು ಲೆಕ್ಕ ಹಾಕಿ. ಇವತ್ತು ನಾವು ಕೇಳೋದು ಆ ತುಂಡುಗಳನ್ನು ಯಾರೋ ಕೂತು ಜೋಡಿಸಿದ್ದು, ಹಾಗಾಗಿ ಜೋಡಿಸಿದವರು ಯಾರು ಅನ್ನೋದು ಮುಖ್ಯ. ಟೆಸ್ಟಮೆಂಟ್ ಅನ್ನೋ ಕಂಪನಿ ಕಾನ್ಸರ್ಟೊಗಳನ್ನು ಸಿಡಿಗೆ ತಂದಿತು, ಎಪಿಆರ್ ಅನ್ನೋ ಕಂಪನಿಯವರು ಮೆಟ್ನರ್ ಒಬ್ಬರೇ ನುಡಿಸಿದ ಪಿಯಾನೊ ತುಣುಕುಗಳನ್ನು ತಂದರು. ಎರಡೂ ನಂಬಬಹುದಾದವು. ಆರಿಸುವಾಗ ಒಂದು ಪರೀಕ್ಷೆ ಮಾಡಿ. ಪಿಯಾನೊದ ಮೇಲಿನ ಸ್ವರಗಳು ಮಿಣಮಿಣ ಅನ್ನುತ್ತವಾ, ಅಥವಾ ಕಂಬಳಿ ಹೊದ್ದಿಸಿದ ಹಾಗೆ ಮಂಕಾಗಿವೆಯಾ? ಮಂಕಾಗಿದ್ದರೆ ಚಟಪಟ ತೆಗೆಯೋ ಭರದಲ್ಲಿ ಸಂಗೀತವನ್ನೂ ಸೇರಿಸಿ ತೆಗೆದಿದ್ದಾರೆ ಅಂತ ಅರ್ಥ. ಸ್ವಲ್ಪ ಸದ್ದು ಇರೋದೇ ವಾಸಿ, ಹತ್ತು ನಿಮಿಷಕ್ಕೆ ಕಿವಿ ಹೊಂದಿಕೊಳ್ಳುತ್ತದೆ.

ಇಲ್ಲಿ ನಾನು ದುಡ್ಡು ಕಳೆದುಕೊಂಡ ಕಥೆ. ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸಿಡಿ ಒಂದು ತರಿಸಿದೆ, ‘ಮೆಟ್ನರ್ ನುಡಿಸಿದ ಮೆಟ್ನರ್’ ಅಂತ. ಎರಡು ತಿಂಗಳ ನಂತರ ಬೇರೆ ಮುಖಪುಟ, ಬೇರೆ ಕಂಪನಿ, ‘ಅಪರೂಪದ’ ಅಂತ ದೊಡ್ಡದಾಗಿ ಬರೆದ ಇನ್ನೊಂದು ಕಂಡಿತು, ಅದನ್ನೂ ತರಿಸಿದೆ. ಹಾಕಿ ಕೇಳಿದರೆ ಅದೇ. ಒಂದು ಕಡೆ ಬರೋ ಒಂದು ‘ಟಕ್’ ಶಬ್ದ ಕೂಡ ಅದೇ ಜಾಗದಲ್ಲಿ. ಇಷ್ಟು ಹಳೇ ರೆಕಾರ್ಡುಗಳ ಹಕ್ಕಿನ ಅವಧಿ ಎಷ್ಟೋ ದೇಶಗಳಲ್ಲಿ ಮುಗಿದಿದೆ, ಯಾರು ಬೇಕಾದರೂ ಹಾಕಿ ಮಾರಬಹುದು. ಅಂದಿನಿಂದ ಮುಖಪುಟ ನೋಡೋದು ಬಿಟ್ಟು, ರೆಕಾರ್ಡ್ ಆದ ವರ್ಷ, ಸ್ಥಳ, ಜೊತೆಗಾರರ ಹೆಸರು ಈ ಮೂರನ್ನೂ ಹೊಂದಿಸಿ ನೋಡದೆ ಕೊಂಡಿಲ್ಲ. ಈ ಮೂರನ್ನೂ ಬರೆಯದ ಮಾರಾಟಗಾರರ ಹತ್ತಿರ ಹೋಗೋದೇ ಇಲ್ಲ.

ಮೆಟ್ನರ್ ಹೇಗೆ ನುಡಿಸುತ್ತಾರೆ? ಗೋಳು ಕಡಿಮೆ. ಈಗಿನವರು ಎಲ್ಲಿ ನಿಧಾನಿಸಿ ಕಣ್ಣು ಮುಚ್ಚುತ್ತಾರೋ ಅಲ್ಲಿ ಅವರು ನಡೆದು ಹೋಗಿಬಿಡ್ತಾರೆ. ಅದಕ್ಕೇ ಎರಡನೇ ಸಲಕ್ಕೆ ಇಟ್ಟುಕೊಳ್ಳಿ ಅಂದದ್ದು. ಬೇರೆಯವರು ಅದೇ ತುಣುಕಿಗೆ ಏನೇನು ಸೇರಿಸಿದ್ದಾರೆ ಅನ್ನೋದು ಆಗಷ್ಟೇ ಕಾಣುತ್ತದೆ.

ಕಾನ್ಸರ್ಟೊಗಳಲ್ಲಿ ಎರಡನೆಯದರಿಂದ ಶುರು ಮಾಡಿ, ಮೂರರಲ್ಲಿ ಅದೇ ಬೇಗ ಕೈಗೆ ಸಿಗೋದು. ನಿಕೊಲಾಯ್ ದೆಮಿದೆಂಕೊ ಎರಡು ಮತ್ತು ಮೂರನ್ನು ಒಂದೇ ಸಿಡಿಯಲ್ಲಿ ನುಡಿಸಿದ್ದಾರೆ, ಬೆಂಕಿ. ಎವ್ಗೆನಿ ಸೂದ್ಬಿನ್ ಬಿಐಎಸ್ ಕಂಪನಿಗೆ ಮೂರನ್ನೂ ಮೂರು ಬೇರೆ ಸಿಡಿಗಳಲ್ಲಿ ನುಡಿಸಿದ್ದಾರೆ, ಎರಡನೆಯದರ ಜೊತೆಗೆ ರಾಖ್ಮನಿನೊಫ್ ಅವರ ನಾಲ್ಕನೆಯದು ಇದೆ. ಸ್ನೇಹಿತರು ಒಬ್ಬರಿಗೊಬ್ಬರು ಅರ್ಪಿಸಿಕೊಂಡ ಎರಡೂ ಒಂದೇ ಕಡೆ ಕೇಳಬಹುದು. ಜೆಫ್ರಿ ಟೋಜರ್ ಅವರ ಚಾಂಡೋಸ್ ಆಲ್ಬಂಗಳಲ್ಲಿ ಆರ್ಕೆಸ್ಟ್ರಾ ಸದ್ದು ಚೆನ್ನಾಗಿದೆ, ನನಗೆ ಸ್ವಲ್ಪ ನಿಧಾನ ಅನ್ನಿಸುತ್ತದೆ. ಮೂರನೆಯದಕ್ಕೆ ಲೆರ್ಮೊಂತೊವ್ ಬರೆದ ಜಲಕನ್ಯೆಯ ಕವಿತೆ ಹಿನ್ನೆಲೆ, ಕವಿತೆ ಚಿಕ್ಕದು, ಅನುವಾದ ಓದಿಕೊಂಡು ಕೂತರೆ ಮೊದಲ ಭಾಗದ ನೀರಿನ ಚಲನೆ ತಾನಾಗೇ ತಿಳಿಯುತ್ತದೆ. ಅದಾದ ಮೇಲೆ ಮೆಟ್ನರ್ ತಾವೇ ನುಡಿಸಿದ್ದಕ್ಕೆ ಹೋಗಿ, ನಾನು ಐದು ನಿಮಿಷಕ್ಕೆ ಮುಚ್ಚಿದ್ದೆನಲ್ಲ, ಅದೇ. ಈಗ ಕೊನೆವರೆಗೂ ಕೂರ್ತೀರಿ.

ಹಾಡುಗಳು ನಿಮಗೆ ಜರ್ಮನ್ ಅಥವಾ ರಷ್ಯನ್ ಬಂದರೆ ಮಾತ್ರ ಪೂರ್ತಿ ದಕ್ಕುತ್ತವೆ, ಇಲ್ಲದಿದ್ದರೆ ಸಾಹಿತ್ಯದ ಅನುವಾದ ಇರೋ ಆಲ್ಬಂ ಮಾತ್ರ ಕೊಳ್ಳಿ. ಪುಷ್ಕಿನ್, ತ್ಯೂಚೆವ್, ಗಯಟೆ ಕವಿತೆಗಳು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿ ಮೆಟ್ನರ್ ಪಿಯಾನೊ ನುಡಿಸಿದ ಕೆಲವು ಇವೆ. ವಯೊಲಿನ್‌ಗೆ ಮೂರನೇ ಸೊನಾಟಾ ‘ಎಪಿಕಾ’, ಓಯಿಸ್ತ್ರಾಖ್ ನುಡಿಸಿದ್ದು ಸಿಕ್ಕರೆ ಬಿಡಬೇಡಿ.

ಪುಸ್ತಕಗಳ ವಿಷಯದಲ್ಲಿ ನನ್ನ ಸಲಹೆ ಜಿಪುಣತನದ್ದು. ಮೊದಲು ಏನೂ ಕೊಳ್ಳಬೇಡಿ. ಹೈಪೀರಿಯನ್ ವೆಬ್‌ಸೈಟಿನಲ್ಲಿ ಆಲ್ಬಂಗಳ ಜೊತೆಗಿನ ಕಿರುಹೊತ್ತಗೆ ಪುಕ್ಕಟೆ ಸಿಗುತ್ತದೆ. ಅಮ್ಲಾಂ ಸೆಟ್ಟಿನದ್ದು, ಮಿಲ್ನ್ ಸ್ಕಾಸ್ಕಿಗಳದ್ದು ಎರಡನ್ನೂ ಓದಿದರೆ ಮೊದಲ ಆರು ತಿಂಗಳಿಗೆ ಸಾಕು. ಆಮೇಲೂ ಹಸಿವು ಇದ್ದರೆ ಬ್ಯಾರಿ ಮಾರ್ಟಿನ್ 1995ರಲ್ಲಿ ಬರೆದ ಜೀವನಚರಿತ್ರೆ. ಇಂಗ್ಲಿಷಿನಲ್ಲಿ ಇದನ್ನು ಮೀರಿಸಿದ್ದಿಲ್ಲ. ಬದುಕು ಮತ್ತು ಕೃತಿಗಳನ್ನು ಜೊತೆಜೊತೆಯಾಗಿ ತಗೊಂಡು ಹೋಗ್ತಾರೆ, ಮಧ್ಯೆ ಮಧ್ಯೆ ಸ್ವರಲಿಪಿ ಬರುತ್ತದೆ, ಓದೋಕೆ ಬರದಿದ್ದರೆ ಹಾರಿಸಿಕೊಂಡು ಹೋದರೂ ಕಥೆ ಕೆಡೋದಿಲ್ಲ. ಕಥೆಯೂ ಸಣ್ಣದಲ್ಲ. ಮೆಟ್ನರ್ ಪ್ರೀತಿಸಿದ ಆನ್ನಾ ಮೊದಲು ಮದುವೆಯಾಗಿದ್ದು ಅವರ ಅಣ್ಣ ಎಮಿಲ್‌ನನ್ನು, 1919ರಲ್ಲಷ್ಟೇ ಇವರಿಬ್ಬರ ಮದುವೆ ಆಯಿತು, ಅಣ್ಣತಮ್ಮಂದಿರ ನಂಟು ಮಾತ್ರ ಮುರಿಯಲಿಲ್ಲ. ಈ ಎಮಿಲ್ ಬಗ್ಗೆಯೇ ಮಾಗ್ನುಸ್ ಯುಂಗ್ರೆನ್ ಬರೆದ ಬೇರೆ ಪುಸ್ತಕ ಇದೆ. ಸಂಗೀತ ಕಡಿಮೆ, ಮನಶ್ಶಾಸ್ತ್ರಜ್ಞ ಯೂಂಗ್ ಮತ್ತು ರಷ್ಯನ್ ಕವಿಗಳ ಜಗಳ ಜಾಸ್ತಿ, ಆ ಕಾಲದ ಹುಚ್ಚು ಇಷ್ಟ ಇರೋರಿಗೆ ಮಾತ್ರ.

ಮೆಟ್ನರ್ ತಾವೇ ಬರೆದ ಪುಸ್ತಕವೂ ಒಂದಿದೆ, ‘ದಿ ಮ್ಯೂಸ್ ಅಂಡ್ ದಿ ಫ್ಯಾಷನ್’. 1935ರಲ್ಲಿ ಪ್ಯಾರಿಸ್‌ನಲ್ಲಿ ರಾಖ್ಮನಿನೊಫ್ ಅವರ ಪ್ರಕಾಶನದಿಂದ ರಷ್ಯನ್‌ನಲ್ಲಿ ಬಂತು, 1951ರಲ್ಲಿ ಆಲ್ಫ್ರೆಡ್ ಸ್ವಾನ್ ಇಂಗ್ಲಿಷಿಗೆ ತಂದರು. ಹೊಸ ಸಂಗೀತದ ಮೇಲೆ ಪುಟಗಟ್ಟಲೆ ಸಿಟ್ಟು. ಸಂಗೀತಕ್ಕೆ ಬದಲಾಗದ ನಿಯಮಗಳಿವೆ, ಫ್ಯಾಷನ್‌ಗೆ ಬಿದ್ದು ಅವನ್ನು ಒಡೆಯುತ್ತಿದ್ದಾರೆ ಅನ್ನೋದು ವಾದ. ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು, ನಾನು ಅರ್ಧ ಒಪ್ಪಲ್ಲ. ಇದನ್ನ ಮೊದಲು ಓದಿದರೆ ಗೊಣಗೋ ಮುದುಕ ಅನ್ನಿಸಿಬಿಡ್ತಾರೆ, ಸಂಗೀತ ಕೇಳಿ ಆದ ಮೇಲೆ ಓದಿದರೆ ಆ ಗೊಣಗಾಟದ ಹಿಂದಿನ ಭಯ ಅರ್ಥವಾಗುತ್ತದೆ. 1955ರಲ್ಲಿ ರಿಚರ್ಡ್ ಹೋಲ್ಟ್ ಸಂಪಾದಿಸಿದ ನೆನಪಿನ ಸಂಪುಟ ಸ್ನೇಹಿತರು, ಶಿಷ್ಯರು ಬರೆದದ್ದು, ಬರೀ ಹೊಗಳಿಕೆ ಅಂತ ತಿಳಿದೇ ಓದಿ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಸರಿ, ಹುಡುಕಿಕೊಂಡು ಹೋಗಿ ದುಬಾರಿ ಬೆಲೆ ಕೊಡೋ ಅಗತ್ಯ ಇಲ್ಲ.

ಮನೆಯಲ್ಲಿ ಯಾರಾದರೂ ಪಿಯಾನೊ ಅಥವಾ ಕೀಬೋರ್ಡ್ ಕಲಿಯುತ್ತಿದ್ದರೆ ಪುಸ್ತಕದ ದುಡ್ಡನ್ನು ಸ್ವರಲಿಪಿಗೆ ಹಾಕಿ. ಡೋವರ್ ಪ್ರಕಾಶನ ಸೊನಾಟಾಗಳನ್ನು ಎರಡು ಸಂಪುಟಗಳಲ್ಲಿ, ಸ್ಕಾಸ್ಕಿಗಳನ್ನು ಒಂದರಲ್ಲಿ ತಂದಿದೆ. ಅದೂ ಬೇಡ ಅಂದರೆ ಐಎಂಎಸ್‌ಎಲ್‌ಪಿ ಅನ್ನೋ ಜಾಲತಾಣದಲ್ಲಿ ಇಳಿಸಿಕೊಳ್ಳಬಹುದು. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡು 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ, ಮೆಟ್ನರ್‌ದು 2011ರ ಕೊನೆಗೇ ಮುಗಿದಿದೆ. ಓಪಸ್ 26ರ ಮೂರನೆಯದನ್ನು ಪ್ರಿಂಟ್ ಹಾಕಿಸಿ. ನುಡಿಸೋಕೆ ಬರದಿದ್ದರೂ ಪರವಾಗಿಲ್ಲ, ಮಿಲ್ನ್ ನುಡಿಸೋದನ್ನ ಕೇಳ್ತಾ ಬೆರಳಿಟ್ಟು ಸಾಲು ಹಿಡಿದುಕೊಂಡು ಹೋಗಿ. ಮೊದಲ ಸಲ ಎರಡನೇ ಪುಟದಲ್ಲೇ ದಾರಿ ತಪ್ಪುತ್ತದೆ. ತಪ್ಪಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಮತ್ತೆ ಮೊದಲಿಂದ ಹಾಕಿ.